ಡಿಎಲ್‌ಸಿ ಕೈಕೊಟ್ಟಾಗ ಗೇಮ್ ಕೀಳ್ಬೇಡಿ, ಲಾಗ್ ಓದಿ

ಎಲ್ಲರಿಗೂ ನಮಸ್ಕಾರ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ಟ್ರೈನ್ ಸಿಮ್ಯುಲೇಟರ್ ಆಡೋರೆಲ್ಲ ಸ್ವಲ್ಪ ಕೇಳಿಸ್ಕೊಳ್ಳಿ. ಹೊಸ ಡಿಎಲ್‌ಸಿ, ಅಂದ್ರೆ ಗೇಮ್‌ಗೆ ಆಮೇಲೆ ಸೇರಿಸೋ ರೂಟ್, ರೈಲಿನ ಪ್ಯಾಕ್, ಹಾಕಿರ್ತೀರ. ರೂಟ್ ಓಪನ್ ಆಗುತ್ತೆ, ಸ್ಟೇಷನ್ ಕಟ್ಟಡ ಇರಲ್ಲ. ಇಲ್ಲಾ ರೇಕ್ (ಬೋಗಿಗಳ ಸಾಲು) ಬರಲ್ಲ. ಇಲ್ಲಾ ಲೋಡ್ ಆಗ್ತಾ ಆಗ್ತಾನೇ ಗೇಮ್ ಮುಚ್ಕೊಳ್ಳುತ್ತೆ. ತಕ್ಷಣ ಇಡೀ ಗೇಮ್ ಕಿತ್ತುಹಾಕಿ ಮತ್ತೆ ಡೌನ್‌ಲೋಡ್‌ಗೆ ಬಿಡೋದು ನಮ್ಮವರ ರೂಢಿ. ಅದು ಬೇಡವೇ ಬೇಡ. ಹತ್ತಾರು ಜಿಬಿ ಡೇಟಾ ಹೋಗುತ್ತೆ, ತೊಂದರೆ ಮಾತ್ರ ಅಲ್ಲೇ ಇರುತ್ತೆ. ಯಾಕಂದ್ರೆ ಬಹಳ ಸಲ ಫೈಲ್ ಕೆಟ್ಟಿರೋದೇ ಇಲ್ಲ, ಆ ರೂಟ್ ಕೇಳ್ತಿರೋ ಇನ್ನೊಂದು ಪ್ಯಾಕ್ ನಿಮ್ಮ ಹತ್ರ ಇರಲ್ಲ.

ಟ್ರೈನ್ ಸಿಮ್ಯುಲೇಟರ್ ಕ್ಲಾಸಿಕ್ ಆಡೋರಿಗೆ ಮೊದಲು ಹೇಳ್ಬಿಡ್ತೀನಿ. ಗೇಮ್ ಮಾರೋ ಸ್ಟೀಮ್ ಆ್ಯಪ್‌ನಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. ಡಿಎಲ್‌ಸಿ ಪಟ್ಟಿಯಲ್ಲಿ ಟಿಕ್ ಇದೆಯಾ ನೋಡಿ. ಆಮೇಲೆ ಇನ್‌ಸ್ಟಾಲ್ಡ್ ಫೈಲ್ಸ್‌ನಲ್ಲಿ ವೆರಿಫೈ ಒತ್ತಿ. ಆದ್ರೆ ಸ್ಟೀಮ್ ತಾನು ಕಳಿಸಿದ ಫೈಲ್‌ಗಳನ್ನ ಮಾತ್ರ ಪರೀಕ್ಷೆ ಮಾಡುತ್ತೆ. ನೀವು ಬೇರೆ ಕಡೆಯಿಂದ ತಂದು ಹಾಕಿದ ಬೋಗಿ ಅದರ ಲೆಕ್ಕಕ್ಕೆ ಬರಲ್ಲ, ನೀವು ತಿದ್ದಿದ ಮೂಲ ಫೈಲ್ ಇದ್ರೆ ಅದರ ಮೇಲೇ ಹಳೇದನ್ನ ಬರೆದುಬಿಡುತ್ತೆ. ಅದಕ್ಕೇ ಮೊದಲು ಬ್ಯಾಕಪ್. ಎಲ್ಲಾ ಸರಿಯಿದ್ದೂ ಹೊಸ ಲೋಕೊ ಪಟ್ಟಿಯಲ್ಲಿ ಕಾಣಲಿಲ್ಲ ಅಂದ್ರೆ ಅಸೆಟ್ಸ್ ಫೋಲ್ಡರ್ ತೆಗೀರಿ. ಅದರೊಳಗೆ ತಯಾರಕರ ಹೆಸರು, ಅದರೊಳಗೆ ಪ್ಯಾಕ್ ಹೆಸರು ಇರುತ್ತೆ. ಅಲ್ಲಿರೋ ಬ್ಲೂಪ್ರಿಂಟ್ಸ್ ಡಾಟ್ ಪಾಕ್ ಅಳಿಸಿ. ಅದು ಹಳೇ ಸೂಚಿ ಅಷ್ಟೇ, ಗೇಮ್ ಹೊಸದಾಗಿ ಕಟ್ಕೊಳ್ಳುತ್ತೆ. ಪಕ್ಕದಲ್ಲಿರೋ ಡಾಟ್ ಎಪಿ ಫೈಲ್ ಮಾತ್ರ ಮುಟ್ಬೇಡಿ, ಪ್ಯಾಕ್‌ನ ಸಾಮಾನೆಲ್ಲ ಅದರಲ್ಲೇ ಇರೋದು. ದೊಡ್ಡ ರೂಟ್‌ನಲ್ಲಿ ಮೆಮೊರಿ ಸಾಲದೆ ಕ್ರ್ಯಾಶ್ ಆಗ್ತಿದ್ರೆ 64 ಬಿಟ್ ಆವೃತ್ತಿಯಲ್ಲೇ ತೆಗೀರಿ. 2018ರಿಂದಲೇ ಅದಿದೆ. 32 ಬಿಟ್‌ಗೆ 4 ಜಿಬಿ ದಾಟೋಕಾಗಲ್ಲ.

ನಮ್ಮವರಿಗೆ ನಿಜವಾದ ತಲೆನೋವು ಓಪನ್ ರೈಲ್ಸ್‌ನಲ್ಲಿ. ಅದು ಮೈಕ್ರೋಸಾಫ್ಟ್‌ನ ಹಳೇ ಟ್ರೈನ್ ಸಿಮ್ಯುಲೇಟರ್‌ಗೆ ಮಾಡಿದ ರೂಟ್, ರೈಲುಗಳನ್ನೇ ಓಡಿಸೋ ಉಚಿತ ಗೇಮ್. 2001ರಲ್ಲಿ ಮೈಕ್ರೋಸಾಫ್ಟ್ ಬಿಟ್ಟ ಟ್ರೈನ್ ಸಿಮ್ಯುಲೇಟರ್‌ನಲ್ಲಿ 6 ರೂಟ್ ಇತ್ತು, ಭಾರತದ್ದು ಒಂದೂ ಇರಲಿಲ್ಲ. ಹಾಗಾಗಿ ಆ ಫಾರ್ಮ್ಯಾಟ್‌ನಲ್ಲಿ ಸಿಗೋ ನಮ್ಮ ರೈಲುಗಳೆಲ್ಲ ಅಭಿಮಾನಿಗಳ ದುಡಿಮೆ. ಬೋಗಿ ಒಬ್ಬರದು, ಕ್ಯಾಬ್ ಇನ್ನೊಬ್ಬರದು, ಸೌಂಡ್ ಮತ್ತೊಬ್ಬರದು. ಒಂದು ಕೊಂಡಿ ತಪ್ಪಿದ್ರೆ ಮುಗೀತು.

ಡೆಸ್ಕ್‌ಟಾಪ್‌ನಲ್ಲಿ ಓಪನ್‌ರೈಲ್ಸ್‌ಲಾಗ್ ಅಂತ ಒಂದು ಟೆಕ್ಸ್ಟ್ ಫೈಲ್ ಇರುತ್ತೆ, ಎಲ್ಲಿ ಎಡವಿದೆ ಅಂತ ಗೇಮ್ ತಾನೇ ಬರೆದಿಡೋ ಲಾಗ್ ಅದು. ಇಲ್ಲದಿದ್ರೆ ಆಪ್ಷನ್ಸ್‌ನಲ್ಲಿ ಲಾಗಿಂಗ್ ಟಿಕ್ ಮಾಡಿ, ಇನ್ನೊಂದು ಸಲ ರೈಲು ಓಡಿಸಿ. ಅದನ್ನ ತೆಗೆದು ವಾರ್ನಿಂಗ್, ಎರರ್ ಅನ್ನೋ ಪದ ಹುಡುಕಿ. ಯಾವ ಬೋಗಿ ಸಿಗಲಿಲ್ಲ, ಯಾವ ಟೆಕ್ಸ್ಚರ್ (ಮೇಲ್ಮೈ ಚಿತ್ರ) ಇಲ್ಲ, ಪೂರ್ತಿ ವಿಳಾಸದ ಸಮೇತ ಬರೆದಿರುತ್ತೆ. ಮೊದಲ ಎರರ್‌ನಿಂದ ಶುರು ಮಾಡಿ, ಕೆಳಗಿನವು ಎಷ್ಟೋ ಸಲ ಅದರದ್ದೇ ಮರಿಗಳು.

24 ಬೋಗಿಯ ರೇಕ್‌ನಲ್ಲಿ ನಾಲ್ಕು ಕಾಣಿಸ್ತಿಲ್ಲ ಅಂದುಕೊಳ್ಳಿ. ಕನ್ಸಿಸ್ಟ್ಸ್ ಫೋಲ್ಡರ್‌ನಲ್ಲಿ ಆ ರೈಲಿನ ಡಾಟ್ ಕಾನ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆಗೀರಿ. ವ್ಯಾಗನ್ ಡೇಟಾ ಅಂತಿರೋ ಸಾಲಿನಲ್ಲಿ ಎರಡು ಹೆಸರು ಇರುತ್ತೆ. ಮೊದಲನೆಯದು ಬೋಗಿಯ ಫೈಲ್, ಎರಡನೆಯದು ಟ್ರೈನ್‌ಸೆಟ್‌ನಲ್ಲಿ ಅದರ ಫೋಲ್ಡರ್. ಈ ಎರಡನೇ ಹೆಸರಿನಲ್ಲೇ ಎಡವಟ್ಟಾಗೋದು. ವಿಂಡೋಸ್‌ನಲ್ಲಿ ಎಕ್ಸ್‌ಟ್ರಾಕ್ಟ್ ಆಲ್ ಒತ್ತಿದ್ರೆ ಜಿಪ್ ಹೆಸರಿನಲ್ಲಿ ಇನ್ನೊಂದು ಫೋಲ್ಡರ್ ಹುಟ್ಟುತ್ತೆ. ವ್ಯಾಪ್-7 ಲೋಕೊ ಫೋಲ್ಡರ್ ಒಳಗೆ ಮತ್ತೊಂದು ವ್ಯಾಪ್-7. ಗೇಮ್ ಮೊದಲ ಬಾಗಿಲಲ್ಲೇ ನೋಡಿ ವಾಪಸ್ ಹೋಗುತ್ತೆ. ಒಳಗಿನದನ್ನ ಒಂದು ಹಂತ ಮೇಲಕ್ಕೆ ತಂದ್ರೆ ಸರಿಹೋಯ್ತು. ಹೆಸರಿನ ಮಧ್ಯೆ ಜಾಗ ಇದ್ರೆ ಉದ್ಧರಣ ಚಿಹ್ನೆ ಬೇಕೇ ಬೇಕು. ತಿದ್ದಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-16 ಎಲ್‌ಇ ಇರ್ಲಿ. ಹಳೇ ಮೈಕ್ರೋಸಾಫ್ಟ್ ಗೇಮ್ ಎಎನ್‌ಎಸ್‌ಐನಲ್ಲಿ ಸೇವ್ ಮಾಡಿದ ಫೈಲ್ ಓದದೇ ಇರಬಹುದು.

ಲೋಕೊ ಬಂತು, ಸದ್ದಿಲ್ಲ? ಡಾಟ್ ಇಎನ್‌ಜಿ ಫೈಲ್‌ನಲ್ಲಿ ಸೌಂಡ್, ಕ್ಯಾಬ್‌ವ್ಯೂ ಸಾಲು ನೋಡಿ. ಎಷ್ಟೋ ಲೋಕೊಗಳು ಡ್ಯಾಶ್-9 ಥರದ ಮೂಲ ಗೇಮಿನ ಇಂಜಿನ್‌ಗಳಿಂದ ಸೌಂಡ್ ಎರವಲು ತಗೊಂಡಿರುತ್ತವೆ. ಬರೀ ಓಪನ್ ರೈಲ್ಸ್ ಹಾಕಿದೋರ ಹತ್ರ ಅವು ಎಲ್ಲಿಂದ ಬರಬೇಕು? ಹಳಿಯೇ ಮಾಯ ಆಗಿದ್ರೆ ಗ್ಲೋಬಲ್ ಫೋಲ್ಡರ್‌ನಲ್ಲಿರೋ ಟಿಸೆಕ್ಷನ್ ಡಾಟ್ ಡ್ಯಾಟ್, ಅಂದ್ರೆ ಹಳಿ ತುಂಡುಗಳ ಪಟ್ಟಿ, ಹಳೇದಾಗಿರಬಹುದು. ಎಕ್ಸ್‌ಟ್ರ್ಯಾಕ್ಸ್ ಅನ್ನೋ ಹೆಚ್ಚುವರಿ ಹಳಿಗಳ ಪ್ಯಾಕ್ ಹಾಕಿ, ಟಿಸೆಕ್ಷನ್ ಹೊಸದು ಮಾಡಿ.

ಇನ್ನು ಪ್ಯಾಕ್ ಮಾಡೋರಿಗೆ ಒಂದು ಮಾತು. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗಿನ ಲೈನ್ ಕಟ್ಟಬೇಕು ಅನ್ನೋ ಆಸೆ ಇರೋ ಹುಡುಗರಿಗೆ ಮೊದಲು ಹೇಳ್ತೀನಿ: ಯಾವ ಟಿಸೆಕ್ಷನ್ ಬೇಕು, ಯಾರ ಬೋಗಿ ಬೇಕು, ಎಲ್ಲಾ ಒಂದು ರೀಡ್‌ಮಿಯಲ್ಲಿ ಬರೆದು ಜಿಪ್ ಒಳಗೇ ಇಡಿ. ದುಡ್ಡು ತಗೊಂಡು ಮಾರೋರು ಬೇಕಾದ ಪ್ಯಾಕ್‌ಗಳ ಪಟ್ಟಿ ಮುಚ್ಚಿಟ್ರೆ ಅದು ಗಿರಾಕಿಗೆ ಮಾಡೋ ಅನ್ಯಾಯ, ನಾನು ಬೇರೆ ಮಾತು ಹೇಳಲ್ಲ.

ದುಡ್ಡು ಕೊಟ್ಟಿದ್ದು ಸ್ಟೀಮ್‌ನಲ್ಲಾದ್ರೆ ಗಡುವು ನೆನಪಿರ್ಲಿ. ಡಿಎಲ್‌ಸಿ ಕೊಂಡು 14 ದಿನದೊಳಗೆ, ಕೊಂಡ ಮೇಲೆ ಆ ಗೇಮ್ 2 ಗಂಟೆಗಿಂತ ಕಮ್ಮಿ ಆಡಿದ್ರೆ ರೀಫಂಡ್ ಕೇಳಬಹುದು. ಲೋಡಿಂಗ್ ಪರದೆ ಮುಂದೆ ಕಾಯೋ ಹೊತ್ತೂ ಆ 2 ಗಂಟೆಯಲ್ಲೇ ಸೇರುತ್ತೆ, ಅದಕ್ಕೇ ಗೇಮ್ ಮುಚ್ಚಿಟ್ಟು ಫೈಲ್‌ಗಳನ್ನ ಪರೀಕ್ಷಿಸಿ. ತಯಾರಕರಿಗೆ ಬರೆಯೋದಾದ್ರೆ "ವರ್ಕ್ ಆಗ್ತಿಲ್ಲ" ಅಂತಷ್ಟೇ ಕಳಿಸ್ಬೇಡಿ. ಗೇಮ್ ಆವೃತ್ತಿ, ಸೀನಾರಿಯೊ ಹೆಸರು, ಲಾಗ್‌ನ ಮೊದಲ ಎರರ್ ಸಾಲು, ಮೂರೂ ಹಾಕಿ ಕಳಿಸಿ.