ಡಿಸ್ಕಾರ್ಡ್ ಅಂದ್ರೆ ‘ಎಲಿ ಒಗಿ’

[ದೃಶ್ಯ: ಮೊಬೈಲ್ ಪರದೆ. ‘ಡಿಸ್ಕಾರ್ಡ್ ಚೇಂಜಸ್?’ ಎಂಬ ಪ್ರಶ್ನೆ]

ಕಲಬುರಗಿಯಿಂದ ನಮಸ್ಕಾರ್ರೀ. ಹೋದ ವಾರ ನಮ್ಮ ಕಾಕಾ ಫೋನ್ ಹಿಡಿದುಕೊಂಡು ಬಂದರು. ಮೊಮ್ಮಗಳ ಫೋಟೋಗೆ ಬಣ್ಣ ಏರಿಸುತ್ತಿದ್ದರಂತೆ. ನಡುವೆ ಈ ಪ್ರಶ್ನೆ ಬಂದಿದೆ. “ತಮ್ಮಾ, ಇದೇನ್ ಕೇಳ್ಲಾಕತ್ತದ ನೋಡೋ” ಅಂದರು.

ಬಿಸಾಕು, ಬಿಟ್ಟುಬಿಡು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಕಾಕಾಗೆ ಇಸ್ಪೀಟ್ ಅಂದರೆ ಜೀವ. “ಕಾಕಾ, ಕಟ್ಟಿ ಮ್ಯಾಲ ಕುಂತು ‘ಎಲಿ ಒಗಿ’ ಅಂತೀರಲ್ಲ, ಅದೇ ಇದು” ಅಂದೆ.

ತಮಾಷೆಯಲ್ಲ. ಡಿಸ್ ಅಂದರೆ ಆಚೆ, ದೂರ. ಕಾರ್ಡ್ ಅಂದರೆ ಇಸ್ಪೀಟ್ ಎಲೆ. ಕೈಯಲ್ಲಿರುವ ಬೇಡದ ಎಲೆಯನ್ನು ಆಚೆ ಹಾಕು, ಅಷ್ಟೇ. ಇಂಗ್ಲಿಷಿನಲ್ಲಿ ಈ ಪದ ಕಾಣಿಸಿಕೊಂಡಿದ್ದು 16ನೇ ಶತಮಾನದ ಕೊನೆಯಲ್ಲಿ. ಅದಕ್ಕೂ ಮೊದಲು ‘ಡಿಕಾರ್ಡ್’ ಅಂತಲೂ ಅನ್ನುತ್ತಿದ್ದರು.

[ದೃಶ್ಯ: ನೀರಿನಂಚಿನಲ್ಲಿ ಬೆಳೆದ ಪಪೈರಸ್ ಗಿಡ]

ಕಾರ್ಡ್ ಫ್ರೆಂಚ್, ಲ್ಯಾಟಿನ್ ದಾಟಿ ಗ್ರೀಕಿನ ‘ಖಾರ್ತೆಸ್’ವರೆಗೂ ಹೋಗುತ್ತದೆ. ಅಂದರೆ ಪಪೈರಸ್ ಗಿಡದ ದಂಟಿನಿಂದ ಮಾಡಿದ ಹಾಳೆ. ಚಾರ್ಟ್, ಕಾರ್ಟೂನ್ ಕೂಡ ಇದೇ ಬಳಗ. ಅವರದು ದಂಟು, ನಮ್ಮದು ಎಲೆ. ಚೆನ್ನಾಗಿದೆ ಅಲ್ವಾ?

ಗೇಮ್ ಆಡುವ ಹುಡುಗರ ‘ಡಿಸ್ಕಾರ್ಡ್’ ಆ್ಯಪ್ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಸುಮ್ನೆ ಗೊಂದಲ. ಅದರೊಳಗಿರುವುದು ಲ್ಯಾಟಿನ್ನಿನ ‘ಕೊರ್’, ಅಂದರೆ ಹೃದಯ. ಮನಸ್ಸು ಮನಸ್ಸು ಕೂಡದೆ ಇರುವುದು ಅಂತ ಆ ಪದದ ಅರ್ಥ.

ನಮ್ಮ ‘ಒಗಿ’ಯೂ ಕಮ್ಮಿ ಇಲ್ಲ. ಅರಿವಿ ಒಗಿ ಅಂದರೆ ತೊಳಿ. ಕಸ ಒಗಿ ಅಂದರೆ ಬಿಸಾಕು. ಹೊಸದಾಗಿ ಬೆಂಗಳೂರು ಕಡೆಯಿಂದ ಬಂದವರು ಕಸ ತೊಳೆಯೋದು ಹೇಗೆ ಅಂತ ನಿಂತರೆ ನಗಬೇಡಿ.

[ದೃಶ್ಯ: ಕಟ್ಟೆಯ ಮೇಲೆ ರಮ್ಮಿ ಆಟ]

ಹಾಗಂತ ಡಿಸ್ಕಾರ್ಡ್ ಮಾಡಿದ್ದೆಲ್ಲ ಕಸವಲ್ಲ. ರಮ್ಮಿಯನ್ನೇ ನೋಡಿ. ಕೈಯಲ್ಲಿ 13 ಎಲೆ. ಒಂದು ಎತ್ತಬೇಕು, ಒಂದು ಒಗೆಯಬೇಕು. ನೀವು ಒಗೆದ ರಾಜ ಕೆಟ್ಟ ಎಲೆಯಾ? ಇಲ್ಲ, ನಿಮ್ಮ ಜೋಡಣೆಗೆ ಕೂಡಲಿಲ್ಲ ಅಷ್ಟೇ. ಪಕ್ಕದವನು ಅದಕ್ಕೇ ಕಾಯುತ್ತಿರಬಹುದು. ಆಯ್ದು, ಯೋಚಿಸಿ ಬಿಡುವುದು ಈ ಪದದ ಜೀವ. ‘ಬಿಸಾಕು’ ಅನ್ನುವಾಗ ಅದು ಅಷ್ಟಾಗಿ ಬರುವುದಿಲ್ಲ.

ಕಾಕಾ ಕೇಳಿದರು, “ಹಂಗಾರ ನಾ ಒಗದಿದ್ದು ಬ್ಯಾರೆದವ್ರು ಎತ್ಕೋತಾರೇನು?”

ಫೋನಿನಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ಅಲ್ಲಿ ‘ಚೇಂಜಸ್’ ಅನ್ನುವ ಮಾತು ಮುಖ್ಯ. ಹೋಗುವುದು ನೀವು ಮಾಡಿದ ಬದಲಾವಣೆ, ಫೋಟೋ ಅಲ್ಲ.

ಕಾಕಾ ಕನ್ನಡಕ ಸರಿಮಾಡಿಕೊಂಡು ಡಿಸ್ಕಾರ್ಡ್ ಒತ್ತಿದರು. ಮೊಮ್ಮಗಳ ಮುಖ ಮೊದಲಿನ ಬಣ್ಣಕ್ಕೆ ಬಂತು.