ಒಳಗಿನವರು ಶೇರು ಮಾರಿದಾಗ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಂಪನಿಯೊಂದರ ಅಧ್ಯಕ್ಷರೋ ಹಣಕಾಸು ಮುಖ್ಯಸ್ಥರೋ ತಮ್ಮದೇ ಕಂಪನಿಯ ಶೇರುಗಳನ್ನು ಮಾರಿದರೆಂಬ ಸುದ್ದಿ ಬಂದಾಗ ನಮ್ಮಂತಹ ಸಣ್ಣ ಹೂಡಿಕೆದಾರರು ನೋಡಬೇಕಾದದ್ದು ಒಂದೇ ಸಂಗತಿ: ಮಾರಿದ ಮೇಲೆ ಅವರ ಕೈಯಲ್ಲಿ ಎಷ್ಟು ಉಳಿಯಿತು. ಇಂದು ನಾನು ಹೇಳಬೇಕೆಂದಿರುವುದೂ ಅದನ್ನೇ.

ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ಶವಸಂಸ್ಕಾರದ ಉದ್ದಿಮೆಯದು. ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಕರೆಯುವ ಮೊದಲೇ ನೆರೆಕರೆಯವರು ಬಂದು ಸೇರುತ್ತಾರೆ, ಒಬ್ಬರು ಮಂಗಳೂರಿನ ಬೋಳೂರಿನ ಅಥವಾ ಉಡುಪಿಯ ಬೀಡಿನಗುಡ್ಡೆಯ ರುದ್ರಭೂಮಿಗೆ ತಿಳಿಸುತ್ತಾರೆ, ಇನ್ನೊಬ್ಬರು ಪುರೋಹಿತರನ್ನು ಕರೆತರುತ್ತಾರೆ. ಅಮೆರಿಕದಲ್ಲಿ ಈ ಕೆಲಸಗಳನ್ನೆಲ್ಲ ಕಂಪನಿಗಳು ಮಾಡುತ್ತವೆ. ಅವುಗಳಲ್ಲಿ ಅತಿ ದೊಡ್ಡದಾದ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಎಂಬುದನ್ನು ರಾಬರ್ಟ್ ವಾಲ್ಟ್ರಿಪ್ ಅವರು 1962ರಲ್ಲಿ ಹ್ಯೂಸ್ಟನ್ ನಗರದಲ್ಲಿ ಕಟ್ಟಿದರು. ಅಮೆರಿಕ ಮತ್ತು ಕೆನಡಾಗಳಲ್ಲಿ ಅದಕ್ಕೆ ಸುಮಾರು 1,500 ಶವಸಂಸ್ಕಾರ ಗೃಹಗಳೂ 500ರ ಸನಿಹ ಸ್ಮಶಾನಗಳೂ ಇವೆ. ಅಲ್ಲಿ ಎಷ್ಟೋ ಜನರು ತಮ್ಮ ಅಂತ್ಯಕ್ರಿಯೆಯ ಖರ್ಚನ್ನು ಬದುಕಿರುವಾಗಲೇ ಕಂತು ಕಂತಾಗಿ ಕಟ್ಟಿಬಿಡುತ್ತಾರೆ. ಆದ್ದರಿಂದ ಈ ಉದ್ದಿಮೆಯ ಆದಾಯದಲ್ಲಿ ಹೆಚ್ಚು ಏರುಪೇರು ಇರುವುದಿಲ್ಲವೆಂದು ನಂಬಿ ನಿವೃತ್ತರೂ ಜಾಗ್ರತೆಯ ಸ್ವಭಾವದವರೂ ಇಂತಹ ಶೇರುಗಳನ್ನು ಕೊಂಡಿಟ್ಟುಕೊಳ್ಳುತ್ತಾರೆ. ಒಳಗಿನವರು ಮಾರಿದರೆಂಬ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಗಾಬರಿಯಾಗುವವರೂ ಅವರೇ.

ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮಗಳು ಅಮೆರಿಕದಲ್ಲಿದ್ದಾಳೆ. ಇದೇ ಉದ್ದಿಮೆಯ ಒಂದು ಕಂಪನಿಯ ಶೇರುಗಳು ಅವಳಲ್ಲಿದ್ದವು. ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ದಿನ ಬೆಳಿಗ್ಗೆ ಆರು ಗಂಟೆಗೆ, ನಾನು ಕಷಾಯದ ಲೋಟ ಹಿಡಿದು ಜಗಲಿಯಲ್ಲಿ ಕುಳಿತಿದ್ದಾಗ, ಮಾಸ್ಟ್ರು ಮೊಬೈಲು ಹಿಡಿದುಕೊಂಡು ಗೇಟು ತೆರೆದು ಬಂದರು. "ಎಂತ ಮಾರಾಯ್ರೆ, ಮನೆಯವರೇ ಮಾರುವುದಾದರೆ ನಾವು ಇಟ್ಟುಕೊಂಡು ಎಂತ ಮಾಡುವುದು?" ಎಂದರು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು 40,000 ಶೇರುಗಳನ್ನು ಮಾರಿದ ಸುದ್ದಿಯನ್ನು ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ್ದರು. ರಾತ್ರಿಯೇ ಮಗಳಿಗೆ ಫೋನು ಮಾಡಿ ಅರ್ಧ ಶೇರುಗಳನ್ನು ಮಾರಿಸಿಯೂ ಆಗಿತ್ತು.

ಅಮೆರಿಕದಲ್ಲಿ ಇಂತಹ ಪ್ರತಿಯೊಂದು ವಹಿವಾಟನ್ನೂ ಎರಡು ಕೆಲಸದ ದಿನಗಳೊಳಗೆ ನಾಲ್ಕನೆಯ ನಮೂನೆ (ಫಾರ್ಮ್ 4) ಎಂಬ ಪತ್ರದಲ್ಲಿ ಬಹಿರಂಗಪಡಿಸಬೇಕೆಂಬ ಕಾನೂನು 2002ರಿಂದ ಇದೆ, ಅದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ನಾನು ಮಾಸ್ಟ್ರನ್ನು ಕೂರಿಸಿ ಆ ನಮೂನೆಯನ್ನು ತೆರೆದೆ. ಮೊದಲ ಸಾಲಿನಲ್ಲಿ 'ಎಂ' ಎಂಬ ಅಕ್ಷರವಿತ್ತು. ಹಿಂದೆ ಸಂಬಳದ ಭಾಗವಾಗಿ ಸಿಕ್ಕಿದ ಹಕ್ಕನ್ನು ಬಳಸಿ, ಅಂದೇ ಗೊತ್ತುಮಾಡಿದ್ದ ಕಡಿಮೆ ಬೆಲೆಗೆ ಅವರು 40,000 ಶೇರುಗಳನ್ನು ಪಡೆದಿದ್ದಾರೆ ಎಂದು ಅದರ ಅರ್ಥ. ಅವಧಿ ಮುಗಿಯುವುದರೊಳಗೆ ಬಳಸದಿದ್ದರೆ ಆ ಹಕ್ಕು ಇಲ್ಲವಾಗುತ್ತದೆ. ಎರಡನೆಯ ಸಾಲಿನಲ್ಲಿ 'ಎಸ್', ಅಂದರೆ ಮಾರಾಟ. ಅದೇ ದಿನ, ಅದೇ 40,000. ಬಲಗಡೆಯ ಕಲಮಿನಲ್ಲಿ ವಹಿವಾಟಿನ ನಂತರ ಉಳಿದ ಶೇರುಗಳ ಲೆಕ್ಕವಿರುತ್ತದೆ. ಹಿಂದಿನ ನಮೂನೆಯಲ್ಲಿ ಅದು 1,20,000 ಇತ್ತು, ಇದರಲ್ಲಿಯೂ 1,20,000 ಇತ್ತು. ಅವರ ಹಿಡುವಳಿಯಿಂದ ಒಂದು ಶೇರೂ ಕಡಿಮೆಯಾಗಿರಲಿಲ್ಲ. ಮಾಸ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಕಲಮಿನ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದರು. ಮಗಳು ಮಾರಿದ ಅರ್ಧ ಭಾಗದ ಲಾಭಕ್ಕೆ ಆ ವರ್ಷ ತೆರಿಗೆ ಕಟ್ಟಬೇಕಾಯಿತು.

ಸುದ್ದಿ ಕಳುಹಿಸುವವರು ಮಾರಿದ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತಾರೆ, ಉಳಿದ ಸಂಖ್ಯೆಯನ್ನು ಯಾರೂ ಕಳುಹಿಸುವುದಿಲ್ಲ. ಇಷ್ಟು ವರ್ಷಗಳಿಂದ ಹೇಳುತ್ತಾ ಬಂದರೂ ಜನರು ಆ ಕಲಮನ್ನು ನೋಡುವುದಿಲ್ಲವೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಉಳಿದದ್ದು ಎಷ್ಟು ಎಂದು ನೋಡಿ. ಅದು ಅರ್ಧಕ್ಕೆ, ಕಾಲು ಭಾಗಕ್ಕೆ ಇಳಿದಿದ್ದರೆ, ಅಧ್ಯಕ್ಷರು, ಹಣಕಾಸು ಮುಖ್ಯಸ್ಥರು, ನಿರ್ದೇಶಕರು ಒಂದೇ ತಿಂಗಳಲ್ಲಿ ಹಾಗೆ ಇಳಿಸಿಕೊಂಡಿದ್ದರೆ, ಅದೂ ಯಾವಾಗ ಎಷ್ಟು ಮಾರುವುದೆಂದು ಮುಂಚಿತವಾಗಿ ಲಿಖಿತ ಯೋಜನೆ ಮಾಡಿಕೊಳ್ಳದೆ ಮಾರಿದ್ದರೆ, ಆಗ ಕಂಪನಿಯ ಲೆಕ್ಕಪತ್ರಗಳನ್ನು ತೆಗೆದು ಕುಳಿತುಕೊಳ್ಳಿ. ಸಾವಿನ ವ್ಯಾಪಾರಕ್ಕೆ ನಷ್ಟವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. 1999ರ ಜನವರಿಯಲ್ಲಿ ಸರ್ವಿಸ್ ಕಾರ್ಪೊರೇಷನ್ ತನ್ನದೇ ಉದ್ದಿಮೆಯ ಇನ್ನೊಂದು ಕಂಪನಿಯನ್ನು ವಿಲೀನ ಮಾಡಿಕೊಂಡ ಕೆಲವೇ ದಿನಗಳಲ್ಲಿ ಲಾಭ ನಿರೀಕ್ಷೆಗಿಂತ ಕಡಿಮೆಯೆಂದು ಪ್ರಕಟಿಸಿತು, ಶೇರಿನ ಬೆಲೆ ಕುಸಿದುಬಿತ್ತು. ಶೇರುದಾರರು ಹೂಡಿದ ಮೊಕದ್ದಮೆ 2004ರಲ್ಲಿ 6.5 ಕೋಟಿ ಡಾಲರುಗಳಿಗೆ ಇತ್ಯರ್ಥವಾಯಿತು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿರುವುದರಿಂದ ನಮ್ಮ ದೇಶದ ನಿಯಮವನ್ನು ಬೇಗನೆ ಹೇಳಿಬಿಡುತ್ತೇನೆ. ಶೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಾವಳಿಯ ಪ್ರಕಾರ ಒಂದು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿಗಳನ್ನು ಮೀರುವ ವಹಿವಾಟನ್ನು ಪ್ರವರ್ತಕರೂ (ಕಂಪನಿಯನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡವರು) ನಿರ್ದೇಶಕರೂ ಬಹಿರಂಗಪಡಿಸಲೇಬೇಕು. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಅವರು ಸಾಮಾನ್ಯವಾಗಿ ವಹಿವಾಟು ಮಾಡುವಂತಿಲ್ಲ. ಈ ವಿವರಗಳು ಶೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಕಂಪನಿಯ ಹೆಸರಿನಡಿ ಸಿಗುತ್ತವೆ. ವಹಿವಾಟಿನ ಮುಂಚಿನ ಹಿಡುವಳಿ ಒಂದು ಕಲಮಿನಲ್ಲಿ, ನಂತರದ್ದು ಇನ್ನೊಂದರಲ್ಲಿ ಇರುತ್ತದೆ; ಮೊಬೈಲಿನಲ್ಲಿ ಎರಡನೆಯ ಕಲಮು ಕಾಣದಿದ್ದರೆ ಪುಟವನ್ನು ಎಡಕ್ಕೆ ಸರಿಸಿ ನೋಡಿ. ನಮಸ್ಕಾರ.