ಎ320: ಹಸಿರು ಹೈಡ್ರಾಲಿಕ್ ಹೋದರೆ ಏನೇನು ಹೋಗುತ್ತದೆ?

ನಮಸ್ಕಾರ. ವಿಮಾನದ ಸಿಸ್ಟಮ್‌ಗಳನ್ನು ಪುಸ್ತಕಗಳು ಅಧ್ಯಾಯವಾರು ಕಲಿಸುತ್ತವೆ: ಹೈಡ್ರಾಲಿಕ್, ವಿದ್ಯುತ್, ಗಾಳಿ, ಇಂಧನ. ಆದರೆ ಹಾರಾಟದಲ್ಲಿ ಬರುವ ತೊಂದರೆ ಒಂದೇ ಅಧ್ಯಾಯದಲ್ಲಿ ಮುಗಿಯುವುದಿಲ್ಲ. ಅದಕ್ಕೇ ಇವತ್ತು ಏರ್‌ಬಸ್ ಎ320ಯ ಒಂದೇ ತೊಂದರೆಯನ್ನು ಬೆನ್ನು ಹತ್ತೋಣ: ಹಸಿರು ಹೈಡ್ರಾಲಿಕ್ ಸೋರಿಕೆ. ಹೈಡ್ರಾಲಿಕ್ ಎಂದರೆ ಎಣ್ಣೆಯ ಒತ್ತಡದಿಂದ ಭಾಗಗಳನ್ನು ಚಲಿಸುವ ವ್ಯವಸ್ಥೆ.

ಒಂದು ದೊಡ್ಡ ಹಾಳೆ, ಮೂರು ಬಣ್ಣದ ಪೆನ್ನು ತೆಗೆದುಕೊಳ್ಳಿ. ಹಸಿರು, ನೀಲಿ, ಹಳದಿ: ಇವು ಎ320ಯ ಮೂರು ಪ್ರತ್ಯೇಕ ಹೈಡ್ರಾಲಿಕ್ ವ್ಯವಸ್ಥೆಗಳ ಹೆಸರು. ಮೂರೂ ಸಾಮಾನ್ಯವಾಗಿ 3000 ಪಿಎಸ್‌ಐ (ಒತ್ತಡದ ಅಳತೆ) ಒತ್ತಡದಲ್ಲಿರುತ್ತವೆ. ಹಸಿರು ಪಂಪನ್ನು ಎಂಜಿನ್ 1 ತಿರುಗಿಸುತ್ತದೆ, ಹಳದಿಯನ್ನು ಎಂಜಿನ್ 2. ನೀಲಿಯದು ಎಲೆಕ್ಟ್ರಿಕ್ ಪಂಪ್. ಪ್ರತಿ ಬಣ್ಣದ ಮುಂದೆ ಅದು ನಡೆಸುವ ಭಾಗಗಳನ್ನೆಲ್ಲ ಬರೆದುಕೊಳ್ಳಿ.

ಈಗ ಹಸಿರನ್ನು ಅಳಿಸಿ. ಮೊದಲು ಮುಟ್ಟಬೇಕಾದದ್ದು ಪಿಟಿಯು, ಅಂದರೆ ಹಸಿರು–ಹಳದಿಗಳ ನಡುವೆ ಶಕ್ತಿ ದಾಟಿಸುವ ಘಟಕ. ಹಸಿರು–ಹಳದಿ ನಡುವೆ 500 ಪಿಎಸ್‌ಐ ವ್ಯತ್ಯಾಸ ಬಂದರೆ ಇದು ತಾನಾಗಿ ಚಾಲೂ ಆಗುತ್ತದೆ. ಗೇಟಿನಲ್ಲಿ ನಿಂತ ವಿಮಾನದೊಳಗೆ ಗರಗಸ ಎಳೆದಂತೆ ಕೇಳಿಸುವ ಸದ್ದು ಇದರದೇ. ಪಿಟಿಯು ಎಣ್ಣೆಯನ್ನು ಆಚೆ ಈಚೆ ಸಾಗಿಸುವುದಿಲ್ಲ, ಶಕ್ತಿಯನ್ನಷ್ಟೇ ದಾಟಿಸುತ್ತದೆ. ಹಸಿರು ಟ್ಯಾಂಕಿನಲ್ಲಿ ಎಣ್ಣೆಯೇ ಇಲ್ಲದಿದ್ದರೆ ಎಳೆಯಲು ಭಾರವಿಲ್ಲದೆ ವಿಪರೀತ ವೇಗದಲ್ಲಿ ತಿರುಗಿ, ಚೆನ್ನಾಗಿರುವ ಹಳದಿಯನ್ನೂ ಕಾಯಿಸಿಬಿಡುತ್ತದೆ. ಆದ್ದರಿಂದ ಸೋರಿಕೆ ಇದ್ದರೆ ಪಿಟಿಯು ಆಫ್. ಈ ಒಂದು ಹೆಜ್ಜೆಯ ಕಾರಣ ಅರ್ಥವಾದರೆ ಚೆಕ್‌ಲಿಸ್ಟಿನ ಅರ್ಧ ತಾನಾಗಿ ನೆನಪಿರುತ್ತದೆ.

ಇನ್ನು ಹಾಳೆಯ ಹಸಿರು ಸಾಲುಗಳನ್ನು ನೋಡಿ. ಹಸಿರಿಲ್ಲದೆ ಲ್ಯಾಂಡಿಂಗ್ ಗೇರ್ (ಚಕ್ರಗಳು) ಇಳಿಸಲು ಕೈಹಿಡಿಕೆಯನ್ನು ಹೊರಗೆಳೆದು ಮೂರು ಸುತ್ತು ತಿರುಗಿಸಬೇಕು. ಗೇರ್ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ಆಮೇಲೆ ಅದನ್ನು ಮೇಲೆತ್ತಲು ಆಗುವುದಿಲ್ಲ. ಅಂದರೆ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಿದರೆ ಗೇರ್ ಇಳಿದೇ ಇರುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಹೈಡ್ರಾಲಿಕ್ ಸೋರಿಕೆ ಇಂಧನದ ಲೆಕ್ಕಕ್ಕೆ ಬಂದು ಮುಟ್ಟಿತು ನೋಡಿ! ಎಂಜಿನ್ 1ರ ರಿವರ್ಸರ್ (ಎಂಜಿನ್ನಿನ ತಳ್ಳುವಿಕೆಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದು) ಇಲ್ಲ, ಆಟೋಬ್ರೇಕ್ (ತಾನಾಗಿ ಹಿಡಿಯುವ ಬ್ರೇಕ್) ಇಲ್ಲ, ಕೆಲವು ಸ್ಪಾಯ್ಲರ್ (ರೆಕ್ಕೆಯ ಮೇಲೆ ಏಳುವ ಫಲಕ) ಇಲ್ಲ. ಬ್ರೇಕ್ ತಾನಾಗಿ ಹಳದಿಗೆ ಬದಲಾಗುತ್ತದೆ, ಚಕ್ರ ಜಾರದಂತೆ ತಡೆಯುವ ಆಂಟಿಸ್ಕಿಡ್ ಉಳಿಯುತ್ತದೆ. ರೆಕ್ಕೆಯ ಮುಂಚೂಣಿಯ ಸ್ಲ್ಯಾಟ್, ಹಿಂಬದಿಯ ಫ್ಲ್ಯಾಪ್ ನಿಧಾನವಾಗಿ ಚಲಿಸುತ್ತವೆ. ಇವೆಲ್ಲ ಸೇರಿ ರನ್‌ವೇ ಎಷ್ಟು ಉದ್ದ ಬೇಕೆಂಬ ಪ್ರಶ್ನೆಯಾಗುತ್ತವೆ.

ಗಾಳಿಯ ಅಧ್ಯಾಯವೂ ಇಲ್ಲಿಗೇ ಬರುತ್ತದೆ. ಹೈಡ್ರಾಲಿಕ್ ಟ್ಯಾಂಕುಗಳ ಮೇಲೆ ಎಂಜಿನ್ನಿನ ಬ್ಲೀಡ್ ಗಾಳಿಯ (ಎಂಜಿನ್ನಿನಿಂದ ತೆಗೆದ ಒತ್ತಡದ ಗಾಳಿ) ಒತ್ತಡ ಇರುತ್ತದೆ. ಅದು ತಗ್ಗಿದರೆ ಪಂಪಿನಲ್ಲಿ ಗುಳ್ಳೆಗಳೆದ್ದು ಒತ್ತಡ ಏರಿಳಿಯುತ್ತದೆ.

ನೀಲಿಯಲ್ಲಿ ನನಗೆ ತುಂಬ ಇಷ್ಟವಾದ ಜೋಡಣೆ ಇದೆ. ಸಾಮಾನ್ಯವಾಗಿ ವಿದ್ಯುತ್ತು ನೀಲಿ ಪಂಪನ್ನು ತಿರುಗಿಸುತ್ತದೆ. ಎರಡೂ ಮುಖ್ಯ ಎಸಿ ಬಸ್‌ಗಳು (ವಿದ್ಯುತ್ ಹಂಚುವ ಮುಖ್ಯ ತಂತುಗಳು) ಸತ್ತರೆ ಗಾಳಿಗೆ ತಿರುಗುವ ರ‍್ಯಾಟ್ ಎಂಬ ಪುಟ್ಟ ಟರ್ಬೈನ್ ಹೊರಬಂದು ನೀಲಿಗೆ ಒತ್ತಡ ಕೊಡುತ್ತದೆ, ಆ ಒತ್ತಡ 5 ಕೆವಿಎ ಜನರೇಟರನ್ನು ತಿರುಗಿಸುತ್ತದೆ. ಶಕ್ತಿ ಹರಿಯುವ ದಿಕ್ಕೇ ತಿರುಗಿತು. ಎಂಜಿನ್ ಜನರೇಟರ್ ಒಂದೊಂದೂ 90 ಕೆವಿಎ. 5 ಕೆವಿಎಯಲ್ಲಿ ಯಾವ ಉಪಕರಣ ನಡೆಯುತ್ತದೆ ಎಂದು ಹಾಳೆಯಲ್ಲಿ ಗುರುತು ಹಾಕಿ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಾರುತ್ತಿದ್ದ ಎ320ಯ ಎರಡೂ ಎಂಜಿನ್ ಶಕ್ತಿ ಕಳೆದುಕೊಂಡಾಗ ಕ್ಯಾಪ್ಟನ್ ಸಲೆನ್‌ಬರ್ಗರ್ ಬೇಗನೆ ಎಪಿಯು (ವಿದ್ಯುತ್ ಕೊಡುವ ಹೆಚ್ಚುವರಿ ಪುಟ್ಟ ಎಂಜಿನ್) ಚಾಲೂ ಮಾಡಿದ್ದು ಇದೇ ಕಾರಣಕ್ಕೆ ದೊಡ್ಡ ಕೆಲಸ. ವಿದ್ಯುತ್ ಉಳಿದದ್ದರಿಂದ ವಿಮಾನ ನಾರ್ಮಲ್ ಲಾದಲ್ಲೇ, ಅಂದರೆ ಪೂರ್ಣ ರಕ್ಷಣೆಯ ನಿಯಂತ್ರಣದಲ್ಲೇ ಹಡ್ಸನ್ ನದಿಯ ನೀರಿಗಿಳಿಯಿತು.

ಈಗ ನೀವೇ ಹಸಿರು, ಹಳದಿ ಎರಡನ್ನೂ ಅಳಿಸಿ ನೋಡಿ. ಫ್ಲ್ಯಾಪ್ ಇದ್ದಲ್ಲೇ ನಿಲ್ಲುತ್ತದೆ, ಸ್ಲ್ಯಾಟ್ ನೀಲಿಯಿಂದ ನಿಧಾನವಾಗಿ ಚಲಿಸುತ್ತದೆ, ಎರಡೂ ರಿವರ್ಸರ್ ಹೋಗುತ್ತವೆ. ಬ್ರೇಕಿಗೆ ಒತ್ತಡ ಕೂಡಿಟ್ಟುಕೊಂಡಿರುವ ಅಕ್ಯುಮುಲೇಟರ್ ಒಂದೇ ಗತಿ, ಆಂಟಿಸ್ಕಿಡ್ ಇಲ್ಲ. ಪೆಡಲನ್ನು ಪದೇ ಪದೇ ಒತ್ತಿ ಬಿಟ್ಟು ಮಾಡಿದರೆ ಆ ಒತ್ತಡ ಬೇಗ ಖಾಲಿ. ಅಲ್ಲಿ ಬ್ರೇಕನ್ನು ಮೆಲ್ಲನೆ ಒತ್ತಿ ಹಿಡಿಯಬೇಕು.